ಕ್ಯಾಲಿಫೋರ್ನಿಯಾದ ರಾಜ್ಯ ಚುನಾವಣೆ: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ, ಅದರಲ್ಲೂ ಈಚೆಗೆ ಪೌರತ್ವ ಪಡೆದು ಮೊದಲ ಸಲ ಮತ ಹಾಕುವವರಿಗಾಗಿ. ಅಮೆರಿಕದ ಅಧ್ಯಕ್ಷರ ಚುನಾವಣೆ ಊರಿನಲ್ಲಿರುವವರಿಗೂ ಗೊತ್ತು. ಆದರೆ ಮಕ್ಕಳ ಶಾಲೆ, ಮನೆಯ ವಿಮೆ, ವಿಶ್ವವಿದ್ಯಾಲಯದ ಶುಲ್ಕ ಇವೆಲ್ಲ ಬಹುಪಾಲು ತೀರ್ಮಾನವಾಗುವುದು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ. ಅಲ್ಲಿಗೆ ಯಾರು ಹೋಗಬೇಕೆಂಬುದು ಎಷ್ಟೋ ಸಲ ನವೆಂಬರಿಗಿಂತ ಮೊದಲೇ, ಮೊದಲ ಸುತ್ತಾದ ಪ್ರೈಮರಿಯಲ್ಲೇ ಇತ್ಯರ್ಥವಾಗಿರುತ್ತದೆ. ನಮ್ಮವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದೂ ಅದನ್ನೇ.

ಇಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗೆಯೇ?

ಅಲ್ಲ. ಕರ್ನಾಟಕದ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಇಲ್ಲಿನ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅಧಿಕಾರದ ದೃಷ್ಟಿಯಿಂದ ನಮ್ಮ ಮುಖ್ಯಮಂತ್ರಿಗೆ ಹತ್ತಿರ, ಆದರೆ ದೊಡ್ಡದೊಂದು ವ್ಯತ್ಯಾಸವಿದೆ: ಗವರ್ನರ್ ಶಾಸನಸಭೆಯ ಸದಸ್ಯರಲ್ಲ. ಸಭೆಯಲ್ಲಿ ಬಹುಮತ ಯಾರ ಕಡೆಗಿದ್ದರೂ ಅವರ ಕುರ್ಚಿ ಅಲುಗುವುದಿಲ್ಲ, ಅವಿಶ್ವಾಸ ನಿರ್ಣಯವೆಂಬುದು ಇಲ್ಲಿಲ್ಲ. ಅವಧಿ 4 ವರ್ಷ, ಒಬ್ಬರಿಗೆ ಎರಡೇ ಅವಧಿ. ಶಾಸನಸಭೆ ಒಪ್ಪಿದ ಮಸೂದೆಯನ್ನು ಗವರ್ನರ್ ತಿರಸ್ಕರಿಸಬಹುದು. ಬಜೆಟ್ಟಿನಲ್ಲಾದರೆ ಒಂದೊಂದು ಬಾಬ್ತಿನ ಮೊತ್ತವನ್ನು ಕಡಿತ ಮಾಡಲೂ ಬಹುದು. ಆ ತಿರಸ್ಕಾರವನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು.

ಗವರ್ನರ್ ಜೊತೆಗೆ ಇನ್ನು ಯಾರನ್ನೆಲ್ಲ ಆರಿಸಬೇಕು?

ಇಡೀ ರಾಜ್ಯ ಮತ ಹಾಕುವ ಹುದ್ದೆಗಳು 8: ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದ ಚುನಾವಣೆಗಳ ಮುಖ್ಯಾಧಿಕಾರಿ), ಕಂಟ್ರೋಲರ್, ಟ್ರೆಷರರ್, ಅಟಾರ್ನಿ ಜನರಲ್, ಇನ್ಶೂರೆನ್ಸ್ ಕಮಿಷನರ್ ಮತ್ತು ಶಾಲಾ ಶಿಕ್ಷಣದ ಸೂಪರಿಂಟೆಂಡೆಂಟ್. ಕರ್ನಾಟಕದಲ್ಲಿ ಮುಖ್ಯಮಂತ್ರಿ ತನ್ನ ಸಚಿವರನ್ನು ತಾನೇ ಆಯ್ದುಕೊಳ್ಳುತ್ತಾರೆ. ಇಲ್ಲಿ ಈ ಎಂಟೂ ಜನ ಒಬ್ಬರ ಕೈಕೆಳಗೆ ಒಬ್ಬರಲ್ಲ, ಬೇರೆ ಬೇರೆ ಪಕ್ಷದವರೂ ಇರಬಹುದು. 1978ರಲ್ಲಿ ಡೆಮಾಕ್ರಟಿಕ್ ಪಕ್ಷದ ಜೆರ‍್ರಿ ಬ್ರೌನ್ ಗವರ್ನರ್ ಆಗಿ, ರಿಪಬ್ಲಿಕನ್ ಪಕ್ಷದ ಮೈಕ್ ಕರ್ಬ್ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದರು. ಗವರ್ನರ್ ರಾಜ್ಯದ ಗಡಿ ದಾಟಿದರೆ ಅಧಿಕಾರ ಲೆಫ್ಟಿನೆಂಟ್ ಕೈಗೆ ಬರುತ್ತದೆ ಎಂದು ರಾಜ್ಯದ ಸಂವಿಧಾನ ಹೇಳುತ್ತದೆ. ಬ್ರೌನ್ ಹೊರಗೆ ಹೋದಾಗಲೆಲ್ಲ ಕರ್ಬ್ ಆ ಅಧಿಕಾರ ಚಲಾಯಿಸಿ ಆದೇಶಗಳನ್ನೂ ನೇಮಕಗಳನ್ನೂ ಮಾಡಿದರು.

ಹೆಸರು ಕೇಳಿ ಸಣ್ಣದೆಂದು ಬಿಟ್ಟುಬಿಡುವ ಹುದ್ದೆಗಳಲ್ಲೇ ನಿಮ್ಮ ಮನೆಯ ಲೆಕ್ಕಾಚಾರ ಅಡಗಿದೆ. ಇನ್ಶೂರೆನ್ಸ್ ಕಮಿಷನರ್ ಹುದ್ದೆ 1988ರ ಪ್ರಪೊಸಿಷನ್ 103ರ ಬಳಿಕ ಚುನಾಯಿತವಾಯಿತು (ಪ್ರಪೊಸಿಷನ್ ಎಂದರೆ ಜನರ ನೇರ ಮತಕ್ಕೆ ಬಿಟ್ಟ ಪ್ರಸ್ತಾವ). ಕಾರು ಮತ್ತು ಮನೆ ವಿಮೆಯ ದರ ಏರಿಸಬೇಕಾದರೆ ಕಂಪನಿಗಳು ಮೊದಲು ಇವರ ಒಪ್ಪಿಗೆ ಪಡೆಯಬೇಕು. ಕಾಡ್ಗಿಚ್ಚಿನ ಭಯವಿರುವ ಗುಡ್ಡದ ಕಡೆ ಮನೆ ಕೊಂಡವರಿಗೆ ಇದರ ತೂಕ ಏನೆಂದು ವಿವರಿಸಬೇಕಾಗಿಲ್ಲ. ಲೆಫ್ಟಿನೆಂಟ್ ಗವರ್ನರ್ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ರೀಜೆಂಟರ ಮಂಡಳಿಯಲ್ಲೂ ಕ್ಯಾಲ್ ಸ್ಟೇಟ್‌ನ ಟ್ರಸ್ಟಿಗಳ ಮಂಡಳಿಯಲ್ಲೂ ಕೂರುತ್ತಾರೆ. ಮಗ ಬರ್ಕ್ಲಿಗೋ ಡೇವಿಸ್‌ಗೋ ಅರ್ಜಿ ಹಾಕುವ ಮನೆಯವರು ಈ ಸಾಲನ್ನು ಖಾಲಿ ಬಿಡುವುದು ನಮ್ಮ ಅಭಿಪ್ರಾಯದಲ್ಲಿ ತಪ್ಪು.

ಈ ಎಂಟರ ಜೊತೆಗೆ, 4 ಜಿಲ್ಲೆಗಳಿಂದ (ಇಲ್ಲಿ ಜಿಲ್ಲೆ ಎಂದರೆ ಚುನಾವಣಾ ಕ್ಷೇತ್ರ) ತಲಾ ಒಬ್ಬರಂತೆ ಬೋರ್ಡ್ ಆಫ್ ಈಕ್ವಲೈಸೇಷನ್ ಸದಸ್ಯರನ್ನೂ ಆರಿಸಲಾಗುತ್ತದೆ. 2017ರ ಕಾನೂನು ಈ ಮಂಡಳಿಯ ಬಹುಪಾಲು ತೆರಿಗೆ ಕೆಲಸವನ್ನು ಬೇರೆ ಇಲಾಖೆಗಳಿಗೆ ವರ್ಗಾಯಿಸಿತು. ಉಳಿದಿರುವುದರಲ್ಲಿ ಮುಖ್ಯವಾದದ್ದು ಆಸ್ತಿ ತೆರಿಗೆಗೆ ಸಂಬಂಧಿಸಿದ್ದು.

ಶಾಸನಸಭೆಯಲ್ಲಿ ಎಷ್ಟು ಸ್ಥಾನ?

ಅಸೆಂಬ್ಲಿಯಲ್ಲಿ 80, ಸೆನೆಟ್‌ನಲ್ಲಿ 40. ಅಸೆಂಬ್ಲಿಯ ಅಷ್ಟೂ ಸ್ಥಾನಗಳಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ಸೆನೆಟರ ಅವಧಿ 4 ವರ್ಷ. ಗವರ್ನರ್ ಚುನಾವಣೆಯ ವರ್ಷದಲ್ಲಿ ಸರಿಸಂಖ್ಯೆಯ ಜಿಲ್ಲೆಗಳಿಗೆ, ಅಧ್ಯಕ್ಷರ ಚುನಾವಣೆಯ ವರ್ಷದಲ್ಲಿ ಬೆಸಸಂಖ್ಯೆಯವಕ್ಕೆ ಮತದಾನ. ನಿಮ್ಮ ಮತಪತ್ರದಲ್ಲಿ ಸೆನೆಟ್ ಸ್ಪರ್ಧೆಯೇ ಇಲ್ಲದಿದ್ದರೆ ಗಾಬರಿಯಾಗಬೇಡಿ, ನಿಮ್ಮ ಜಿಲ್ಲೆಯ ಸರದಿ ಇನ್ನೆರಡು ವರ್ಷಕ್ಕೆ.

ಕರ್ನಾಟಕದ ವಿಧಾನಸಭೆಯಲ್ಲಿ 224 ಸ್ಥಾನ, ಮೇಲೆ ಪರಿಷತ್ತಿನ 75. ಇಲ್ಲಿ 3 ಕೋಟಿ 95 ಲಕ್ಷ ಜನಕ್ಕೆ ಒಟ್ಟು 120 ಜನ. ಒಬ್ಬ ಅಸೆಂಬ್ಲಿ ಸದಸ್ಯರ ಕೆಳಗೆ ಸುಮಾರು 4 ಲಕ್ಷ 94 ಸಾವಿರ ಜನ, ಒಬ್ಬ ಸೆನೆಟರ ಕೆಳಗೆ ಅದರ ಎರಡರಷ್ಟು. 2012ರ ಪ್ರಪೊಸಿಷನ್ 28ರ ಪ್ರಕಾರ ಒಬ್ಬರು ಎರಡೂ ಸದನ ಸೇರಿಸಿ ಜೀವಮಾನದಲ್ಲಿ 12 ವರ್ಷ ಮಾತ್ರ ಇರಬಹುದು. ಹಾಗಾಗಿ ಹಾಲಿ ಸದಸ್ಯರಿಲ್ಲದ ಖಾಲಿ ಸ್ಥಾನಗಳು ಆಗಾಗ ಬರುತ್ತವೆ, ಹೊಸಬರಿಗೆ ದಾರಿಯಾಗುತ್ತದೆ. ಸ್ಯಾನ್ ಹೊಸೆಯ ಆಶ್ ಕಾಲ್ರಾ 2016ರಲ್ಲಿ ಗೆದ್ದು ಈ ಶಾಸನಸಭೆಯ ಮೊದಲ ಭಾರತೀಯ ಮೂಲದ ಸದಸ್ಯರಾದರು.

ಜಿಲ್ಲೆಗಳ ಗಡಿ ಗೀಚುವುದು 14 ಜನರ ನಾಗರಿಕ ಆಯೋಗ: 5 ಡೆಮಾಕ್ರಟಿಕ್, 5 ರಿಪಬ್ಲಿಕನ್, ಎರಡೂ ಅಲ್ಲದ 4 ಜನ. 2025ರ ನವೆಂಬರಿನಲ್ಲಿ ಗೆದ್ದ ಪ್ರಪೊಸಿಷನ್ 50 ಬದಲಿಸಿದ್ದು ವಾಷಿಂಗ್ಟನ್ನಿನ ಕಾಂಗ್ರೆಸ್ ಕ್ಷೇತ್ರಗಳನ್ನು; ರಾಜ್ಯದ ಅಸೆಂಬ್ಲಿ, ಸೆನೆಟ್ ಗಡಿಗಳನ್ನು ಅದು ಮುಟ್ಟಿಲ್ಲ.

ಚುನಾವಣೆ ಯಾವಾಗ?

ಗವರ್ನರ್ ಮೊದಲಾದ ಹುದ್ದೆಗಳಿಗೆ 2018, 2022, 2026 ಹೀಗೆ ನಾಲ್ಕು ವರ್ಷಕ್ಕೊಮ್ಮೆ. ಆ ವರ್ಷಗಳಲ್ಲಿ ಪ್ರೈಮರಿ ಜೂನ್‌ನಲ್ಲಿ. ಅಧ್ಯಕ್ಷರ ಚುನಾವಣೆಯ ವರ್ಷದಲ್ಲಿ ಮಾತ್ರ ಮಾರ್ಚ್‌ಗೆ ಹಿಂದೆ ಬರುತ್ತದೆ. ಎರಡೂ ಸಂದರ್ಭದಲ್ಲಿ ಅಂತಿಮ ಸುತ್ತು ನವೆಂಬರಿನ ಮೊದಲ ಸೋಮವಾರದ ಮಾರನೆಯ ಮಂಗಳವಾರ. 2026ಕ್ಕೆ ಆ ದಿನಾಂಕಗಳು ಜೂನ್ 2 ಮತ್ತು ನವೆಂಬರ್ 3.

ಪ್ರೈಮರಿ ಪಕ್ಷದ ಒಳಗಿನ ವಿಷಯವಲ್ಲವೇ? ನವೆಂಬರಿನಲ್ಲಿ ಹಾಕಿದರೆ ಸಾಲದೇ?

ಸಾಲದು. ಬೇರೆ ಬಹುತೇಕ ರಾಜ್ಯಗಳಲ್ಲಿ ಪ್ರೈಮರಿ ಎಂದರೆ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಸುತ್ತು. ಕ್ಯಾಲಿಫೋರ್ನಿಯಾದಲ್ಲಿ 2010ರ ಪ್ರಪೊಸಿಷನ್ 14 ಇದನ್ನು ಬದಲಿಸಿತು. ಎಲ್ಲ ಪಕ್ಷದವರೂ ಪಕ್ಷವಿಲ್ಲದವರೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ, ಎಲ್ಲ ಮತದಾರರೂ ಆ ಒಂದೇ ಪಟ್ಟಿಯಿಂದ ಆರಿಸುತ್ತಾರೆ. ಹೆಚ್ಚು ಮತ ಪಡೆದ ಇಬ್ಬರು ಯಾವ ಪಕ್ಷದವರಾದರೂ ಸರಿ, ನವೆಂಬರಿಗೆ ಹೋಗುತ್ತಾರೆ. ಒಬ್ಬರು ಪ್ರೈಮರಿಯಲ್ಲಿ ಶೇ. 60 ಮತ ಪಡೆದರೂ ಎರಡನೇ ಸುತ್ತು ನಡೆದೇ ತೀರುತ್ತದೆ. ನವೆಂಬರಿನಲ್ಲಿ ಪಟ್ಟಿಯಲ್ಲಿಲ್ಲದ ಹೆಸರನ್ನು ಕೈಯಿಂದ ಬರೆದು ಸೇರಿಸಲು ಈ ಹುದ್ದೆಗಳಿಗೆ ಅವಕಾಶವಿಲ್ಲ.

ಇದರ ಪರಿಣಾಮ ನೋಡಿ. 2018ರಲ್ಲಿ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ನವೆಂಬರಿನಲ್ಲಿ ಉಳಿದವರು ಎಲೆನಿ ಕೌನಲಾಕಿಸ್ ಮತ್ತು ಎಡ್ ಹರ್ನಾಂಡೆಜ್. ಇಬ್ಬರೂ ಡೆಮಾಕ್ರಟಿಕ್ ಪಕ್ಷದವರೇ. ಇನ್ನೊಂದು ಅಪಾಯ ಮತ ಹಂಚಿಹೋಗುವುದು. 2012ರಲ್ಲಿ 31ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಒಲವಿನ ಮತದಾರರೇ ಹೆಚ್ಚು. ಆದರೆ ಆ ಪಕ್ಷದಿಂದ 4 ಜನ ನಿಂತು ಮತ ಹರಿದು ಹಂಚಿಹೋಯಿತು, ಇಬ್ಬರೇ ಇದ್ದ ರಿಪಬ್ಲಿಕನ್ನರು ಮೊದಲೆರಡು ಸ್ಥಾನ ಹಿಡಿದರು. ನವೆಂಬರಿನಲ್ಲಿ ಆ ಕ್ಷೇತ್ರದ ಬಹುಸಂಖ್ಯಾತರಿಗೆ ತಮ್ಮ ಪಕ್ಷದ ಹೆಸರೇ ಮತಪತ್ರದಲ್ಲಿ ಇರಲಿಲ್ಲ. ಜೂನ್‌ನಲ್ಲಿ ಮನೆಯಲ್ಲಿ ಕೂತವರಿಗೆ ಆಗ ಮಾಡಲು ಏನೂ ಉಳಿದಿರಲಿಲ್ಲ.

ಒಂದೊಂದು ಮತದ ಬೆಲೆಗೆ ಬೇ ಏರಿಯಾದವರಿಗೆ ಹತ್ತಿರದ ಉದಾಹರಣೆಯೇ ಇದೆ. 2024ರ ಮಾರ್ಚ್ ಪ್ರೈಮರಿಯಲ್ಲಿ 16ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಎರಡನೇ ಸ್ಥಾನಕ್ಕೆ ಇವಾನ್ ಲೋ ಮತ್ತು ಜೋ ಸಿಮಿಟಿಯನ್ ಇಬ್ಬರಿಗೂ ಸರಿಯಾಗಿ 30,249 ಮತ ಬಂದವು. ಸಮವಾದರೆ ಇಬ್ಬರೂ ಮುಂದಿನ ಸುತ್ತಿಗೆ, ಅಂದರೆ ನವೆಂಬರಿನಲ್ಲಿ ಮೂವರು. ಆಮೇಲೆ ಮರುಎಣಿಕೆ ನಡೆದು ಲೋ 5 ಮತಗಳಿಂದ ಮುಂದೆ ಬಂದರು, ಸಿಮಿಟಿಯನ್ ಹೊರಬಿದ್ದರು.

ಶಾಲಾ ಸೂಪರಿಂಟೆಂಡೆಂಟ್ ಹುದ್ದೆಯ ನಿಯಮ ಮಾತ್ರ ಬೇರೆ. ಅದು ಪಕ್ಷರಹಿತ, ಪ್ರೈಮರಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಅಲ್ಲಿಗೇ ಮುಗಿಯಿತು. ಮಕ್ಕಳ ಶಾಲೆಯ ಬಗ್ಗೆ ಕಾಳಜಿಯಿರುವವರಿಗೆ ನವೆಂಬರಿನಲ್ಲಿ ಆ ಸಾಲು ಸಿಗದೆಯೂ ಹೋಗಬಹುದು.

ನೋಂದಣಿಯಲ್ಲಿ ಪಕ್ಷದ ಹೆಸರು ಕೊಡಲೇಬೇಕೇ?

ಬೇಕಿಲ್ಲ. ‘ನೋ ಪಾರ್ಟಿ ಪ್ರಿಫರೆನ್ಸ್’ ಎಂದು ಗುರುತು ಹಾಕಬಹುದು. ರಾಜ್ಯದ ಹುದ್ದೆಗಳ ವಿಷಯದಲ್ಲಿ ಅದರಿಂದ ಯಾವ ನಷ್ಟವೂ ಇಲ್ಲ. ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ: ಸ್ವತಂತ್ರ ಎಂಬ ಅರ್ಥದಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಎಂಬುದನ್ನು ಆರಿಸುತ್ತಾರೆ. ಅದು ಸ್ವತಂತ್ರ ಮತದಾರರ ಗುರುತಲ್ಲ, ಆ ಹೆಸರಿನ ಪಕ್ಷವೇ ಒಂದಿದೆ. ಅಧ್ಯಕ್ಷರ ಪ್ರೈಮರಿ ಬಂದಾಗ ಇದು ಕಾಲಿಗೆ ತೊಡರುತ್ತದೆ, ಏಕೆಂದರೆ ಅಲ್ಲಿ ಪಕ್ಷದ ಪ್ರಕಾರವೇ ಮತಪತ್ರ ಬರುತ್ತದೆ.

ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ ಕಾಣುವ ಪಕ್ಷದ ಹೆಸರೂ ಅವರು ತಾವೇ ಹೇಳಿಕೊಂಡ ಒಲವು ಅಷ್ಟೆ. ಪಕ್ಷ ಅಧಿಕೃತವಾಗಿ ಬೆಂಬಲಿಸಿದೆಯೇ ಎಂಬುದಕ್ಕೆ ಮತದಾರರ ಕೈಪಿಡಿಯಲ್ಲಿ ಪ್ರತ್ಯೇಕ ಪಟ್ಟಿ ಇರುತ್ತದೆ.

ಗ್ರೀನ್ ಕಾರ್ಡ್ ಇದೆ, ತೆರಿಗೆ ಕಟ್ಟುತ್ತೇವೆ. ರಾಜ್ಯದ ಮಟ್ಟಿಗಾದರೂ ಮತ ಹಾಕಬಹುದೇ?

ಇಲ್ಲ, ಖಂಡಿತ ಇಲ್ಲ. ಅಮೆರಿಕದ ಪೌರತ್ವ, ಕ್ಯಾಲಿಫೋರ್ನಿಯಾದಲ್ಲಿ ವಾಸ, ಚುನಾವಣೆಯ ದಿನಕ್ಕೆ 18 ತುಂಬಿರುವುದು, ಇವು ಮೂರೂ ಬೇಕು. ಗಂಭೀರ ಅಪರಾಧಕ್ಕೆ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುತ್ತಿರುವವರಿಗೆ ಹಕ್ಕಿಲ್ಲ. ಪೆರೋಲ್ ಮೇಲೆ ಹೊರಬಂದವರಿಗೆ 2020ರ ಪ್ರಪೊಸಿಷನ್ 17ರಿಂದ ಹಕ್ಕು ಮರಳಿದೆ.

ಪೌರತ್ವವಿಲ್ಲದವರು ಮತ ಹಾಕಿದರೆ, ಅಥವಾ ಪೌರರೆಂದು ಹೇಳಿ ನೋಂದಾಯಿಸಿಕೊಂಡರೆ, ಅದು ಒಕ್ಕೂಟದ ಕಾನೂನಿನಲ್ಲಿ ಅಪರಾಧ, ಗಡೀಪಾರಿಗೂ ಕಾರಣವಾಗಬಹುದು. ಪೌರತ್ವದ ಅರ್ಜಿಯಲ್ಲೇ ಎಂದಾದರೂ ನೋಂದಾಯಿಸಿಕೊಂಡಿದ್ದೀರಾ, ಮತ ಹಾಕಿದ್ದೀರಾ ಎಂದು ಕೇಳುತ್ತಾರೆ. ಅಪಾಯ ಬರುವುದು ಬೇಕೆಂದು ಮಾಡಿದ್ದರಿಂದಲ್ಲ, ವಾಹನ ಇಲಾಖೆಯಾದ ಡಿಎಂವಿಯಲ್ಲಿ ಅವಸರ ಮಾಡಿದ್ದರಿಂದ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಪರದೆಯ ಮೇಲೆ ಮತದಾರರ ನೋಂದಣಿಯ ಪ್ರಶ್ನೆಗಳೂ ಬರುತ್ತವೆ. 2018ರಲ್ಲಿ ಈ ವ್ಯವಸ್ಥೆ ಹೊಸದಾಗಿದ್ದಾಗ ಅರ್ಹರಲ್ಲದವರ ಹೆಸರುಗಳೂ ಪಟ್ಟಿಗೆ ಸೇರಿಹೋದವು. ಊರಿನಿಂದ ಬಂದು ಗ್ರೀನ್ ಕಾರ್ಡ್ ಪಡೆದ ಅಪ್ಪ ಅಮ್ಮನನ್ನು ಡಿಎಂವಿಗೆ ಕರೆದುಕೊಂಡು ಹೋದರೆ ಆ ಪರದೆಯನ್ನು ನೀವೇ ಓದಿ ಹೇಳಿ. ಪೌರರೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದೇ ಒತ್ತಬೇಕು. ಆದರೂ ಮನೆಗೆ ಮತಪತ್ರ ಬಂದುಬಿಟ್ಟರೆ ಅದನ್ನು ತುಂಬಬೇಡಿ. ಕೌಂಟಿ ಚುನಾವಣಾ ಕಚೇರಿಗೆ ಬರೆದು ಹೆಸರು ತೆಗೆಸಿ, ಆ ಪತ್ರದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ವಲಸೆ ವಕೀಲರ ಜೊತೆ ಮಾತಾಡಿ.

ನೋಂದಣಿ ಹೇಗೆ? ಕೊನೆಯ ದಿನ ಯಾವುದು?

ಚುನಾವಣೆಗೆ 15 ದಿನ ಮೊದಲು. ಸೆಕ್ರೆಟರಿ ಆಫ್ ಸ್ಟೇಟ್ ಜಾಲತಾಣದಲ್ಲಿ ಲೈಸೆನ್ಸ್ ಅಥವಾ ರಾಜ್ಯದ ಗುರುತಿನ ಚೀಟಿಯ ಸಂಖ್ಯೆ, ಸೋಷಿಯಲ್ ಸೆಕ್ಯೂರಿಟಿಯ ಕೊನೆಯ 4 ಅಂಕಿ, ಹುಟ್ಟಿದ ದಿನಾಂಕ ಕೊಟ್ಟರೆ ಐದು ನಿಮಿಷದ ಕೆಲಸ. ನಮ್ಮವರಿಗೆ ತೊಡಕಾಗುವುದು ಹೆಸರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಕೊನೆಗೆ, ಲೈಸೆನ್ಸಿನಲ್ಲಿ ಊರಿನ ಹೆಸರು ಕೊನೆಗೆ, ಪೌರತ್ವ ಪತ್ರದಲ್ಲಿ ಇನ್ನೊಂದು ರೀತಿ. ನೋಂದಣಿಯಲ್ಲಿ ಲೈಸೆನ್ಸಿನಲ್ಲಿ ಇರುವ ಹಾಗೆಯೇ ಬರೆಯಿರಿ. ಪೌರತ್ವದ ಜೊತೆ ಹೆಸರು ಬದಲಿಸಿಕೊಂಡಿದ್ದರೆ ಮೊದಲು ಸೋಷಿಯಲ್ ಸೆಕ್ಯೂರಿಟಿ ಕಚೇರಿ, ಆಮೇಲೆ ಡಿಎಂವಿ, ಕೊನೆಗೆ ಮತದಾರರ ಪಟ್ಟಿ. ಈ ಕ್ರಮದಲ್ಲಿ ತಿದ್ದಿಸಿದರೆ ಗೊಂದಲವಿಲ್ಲ.

15 ದಿನದ ಗಡುವು ಮೀರಿದರೂ ದಾರಿ ಇದೆ. ಚುನಾವಣೆಯ ದಿನ ರಾತ್ರಿ 8ರವರೆಗೆ ಕೌಂಟಿ ಕಚೇರಿಯಲ್ಲೋ ಮತಗಟ್ಟೆಯಲ್ಲೋ ಅಲ್ಲೇ ನೋಂದಾಯಿಸಿ ಅಲ್ಲೇ ಮತ ಹಾಕಬಹುದು. ಅರ್ಹತೆ ಪರಿಶೀಲಿಸಿದ ಮೇಲೆ ಅದನ್ನು ಎಣಿಸುತ್ತಾರೆ. ಹಿಂದಿನ ದಿನವಷ್ಟೇ ಪೌರತ್ವದ ಪ್ರಮಾಣವಚನ ತೆಗೆದುಕೊಂಡವರಿಗೂ ಇದು ಅನ್ವಯಿಸುತ್ತದೆ. ಮನೆ ಬದಲಿಸಿದವರು ವಿಳಾಸ ತಿದ್ದಿಸಬೇಕು. ಮನೆಯಲ್ಲಿ 16, 17ರ ಮಕ್ಕಳಿದ್ದರೆ ಮುಂಗಡವಾಗಿಯೇ ಹೆಸರು ಕೊಡಬಹುದು. 18 ತುಂಬಿದ ದಿನ ಹೆಸರು ತಾನಾಗಿ ಪಟ್ಟಿಗೆ ಸೇರುತ್ತದೆ.

ಮತಪತ್ರ ಅಂಚೆಯಲ್ಲಿ ಬಂದಿದೆ. ಮುಂದೇನು?

2021ರ ಕಾನೂನಿನಂತೆ ಪಟ್ಟಿಯಲ್ಲಿರುವ ಪ್ರತಿಯೊಬ್ಬ ಸಕ್ರಿಯ ಮತದಾರರಿಗೂ ಮತಪತ್ರ ಮನೆಗೇ ಬರುತ್ತದೆ. ಚುನಾವಣೆಗೆ 29 ದಿನ ಮೊದಲಿನಿಂದ ಕಳುಹಿಸಲು ಶುರು ಮಾಡುತ್ತಾರೆ. ಒಳಗೆ ಮತಪತ್ರದ ಹಾಳೆಗಳು, ಸೂಚನೆ, ಹಿಂದಿರುಗಿಸುವ ಲಕೋಟೆ ಇರುತ್ತವೆ. ಕಪ್ಪು ಅಥವಾ ನೀಲಿ ಪೆನ್ನಿನಿಂದ ಗುರುತು ಹಾಕಿ. ಎಲ್ಲ ಸಾಲೂ ತುಂಬಬೇಕೆಂಬ ನಿಯಮವಿಲ್ಲ, ಖಾಲಿ ಬಿಟ್ಟ ಸಾಲಿನಿಂದ ಉಳಿದವು ಕೆಡುವುದಿಲ್ಲ. ಒಂದಕ್ಕಿಂತ ಹೆಚ್ಚು ಹಾಳೆಗಳಿದ್ದರೆ ಅಷ್ಟನ್ನೂ ಒಳಗಿಟ್ಟು ಅಂಟಿಸಿ.

ಅಂಟಿಸಿದ ಮೇಲಿನದೇ ಮುಖ್ಯ ಕೆಲಸ. ಲಕೋಟೆಯ ಹೊರಗೆ ಸಹಿ ಹಾಕಿ ದಿನಾಂಕ ಬರೆಯಬೇಕು. ಮತಗಳು ತಿರಸ್ಕೃತವಾಗುವುದು ಮುಖ್ಯವಾಗಿ ಮೂರು ಕಾರಣಕ್ಕೆ: ಸಹಿಯೇ ಇಲ್ಲ, ಸಹಿ ಹೊಂದುವುದಿಲ್ಲ, ತಡವಾಗಿ ಬಂತು. ಕೌಂಟಿಯವರು ಲಕೋಟೆಯ ಸಹಿಯನ್ನು ಕಡತದಲ್ಲಿರುವ ಸಹಿಗಳೊಂದಿಗೆ ಹೋಲಿಸುತ್ತಾರೆ. ಆ ಕಡತದಲ್ಲಿರುವುದು ಎಷ್ಟೋ ಸಲ ಡಿಎಂವಿಯ ಗಾಜಿನ ಫಲಕದ ಮೇಲೆ ಅವಸರದಲ್ಲಿ ಗೀಚಿದ್ದು. ನಮ್ಮಲ್ಲಿ ಬ್ಯಾಂಕಿಗೊಂದು ಕನ್ನಡದ ಸಹಿ, ಕಚೇರಿಗೊಂದು ಇಂಗ್ಲಿಷಿನ ಸಹಿ ಇಟ್ಟುಕೊಂಡವರು ಬಹಳ. ಲೈಸೆನ್ಸ್ ಕೈಯಲ್ಲಿ ಹಿಡಿದು ಅದರಲ್ಲಿ ಇರುವಂತೆಯೇ ಹಾಕಿ. ಕಡತದಲ್ಲಿರುವುದು ಕನ್ನಡದ ಸಹಿಯಾದರೆ ಇಲ್ಲೂ ಕನ್ನಡದ್ದೇ.

ಗಂಡ ಹೆಂಡತಿ ಒಂದೇ ಮೇಜಿನಲ್ಲಿ ಕೂತು ತುಂಬುವಾಗ ಲಕೋಟೆಗಳು ಅದಲು ಬದಲಾಗುತ್ತವೆ. ಪ್ರತಿ ಲಕೋಟೆಯ ಮೇಲೂ ಆಯಾ ಮತದಾರರಿಗೆ ಸೇರಿದ ಬಾರ್‌ಕೋಡ್ ಇರುತ್ತದೆ, ಹಾಗಾಗಿ ಇವರ ಲಕೋಟೆಗೆ ಅವರ ಸಹಿ ಬಿದ್ದರೆ ಎರಡಕ್ಕೂ ತೊಡಕಾಗಬಹುದು. ಮೊದಲೇ ಹೆಸರು ನೋಡಿ ಬೇರೆ ಬೇರೆ ಇಟ್ಟುಕೊಳ್ಳಿ. ಹಿರಿಯರ ಪರವಾಗಿ ಮಕ್ಕಳು ಸಹಿ ಹಾಕುವಂತಿಲ್ಲ.

ಸಹಿ ಹೊಂದದಿದ್ದರೆ ಕೌಂಟಿಯವರು ಸುಮ್ಮನೆ ಎಸೆಯುವುದಿಲ್ಲ, ಕಾನೂನಿನಂತೆ ನಿಮಗೆ ಪತ್ರ ಕಳುಹಿಸಲೇಬೇಕು. ಅದರಲ್ಲಿರುವ ನಮೂನೆಗೆ ಸಹಿ ಹಾಕಿ, ಹೇಳಿದ ದಿನಾಂಕದೊಳಗೆ ಹಿಂದಿರುಗಿಸಿದರೆ ಮತ ಎಣಿಕೆಗೆ ಸೇರುತ್ತದೆ. ಚುನಾವಣೆ ಮುಗಿಯಿತೆಂದು ಕೌಂಟಿಯ ಪತ್ರವನ್ನು ಜಾಹೀರಾತಿನ ಕಾಗದಗಳ ಜೊತೆ ಕಸಕ್ಕೆ ಹಾಕಬೇಡಿ. ‘ವೇರ್ಸ್ ಮೈ ಬ್ಯಾಲೆಟ್’ ಎಂಬ ರಾಜ್ಯದ ಸೇವೆಗೆ ಹೆಸರು ಕೊಟ್ಟರೆ, ಮತಪತ್ರ ಹೊರಟಾಗ, ತಲುಪಿದಾಗ, ಎಣಿಕೆಗೆ ಸೇರಿದಾಗ, ತೊಂದರೆಯಾದಾಗ ಮೊಬೈಲಿಗೆ ಸಂದೇಶ ಬರುತ್ತದೆ.

ಲಕೋಟೆಗೆ ಅಂಚೆಚೀಟಿ ಬೇಡ, ವೆಚ್ಚ ಸರ್ಕಾರದ್ದು. ರಾಜ್ಯದ ಕಾನೂನಿನಲ್ಲಿ ಚುನಾವಣೆಯ ದಿನದೊಳಗಿನ ಅಂಚೆ ಮುದ್ರೆ ಇದ್ದು 7 ದಿನದೊಳಗೆ ತಲುಪಿದರೆ ಸಾಕು. ಆದರೆ ಪೆಟ್ಟಿಗೆಗೆ ಹಾಕಿದ ದಿನವೇ ಮುದ್ರೆ ಬೀಳುತ್ತದೆ ಎಂದು ನಂಬಬೇಡಿ. ಮುದ್ರೆ ಒತ್ತುವುದು ವಿಂಗಡಣಾ ಕೇಂದ್ರಕ್ಕೆ ಹೋದ ಮೇಲೆ. ಕೊನೆಯ ವಾರದಲ್ಲಿ ಅಂಚೆಯನ್ನು ಬಿಟ್ಟು ಕೌಂಟಿಯ ಡ್ರಾಪ್ ಬಾಕ್ಸಿಗೆ ಹಾಕುವುದೇ ಕ್ಷೇಮ. ಚುನಾವಣೆಯ ದಿನ ರಾತ್ರಿ 8ಕ್ಕೆ ಅವನ್ನು ಮುಚ್ಚುತ್ತಾರೆ. ಅಂಚೆಯೇ ಗತಿಯಾದರೆ ಕೌಂಟರಿಗೆ ಹೋಗಿ ಕೈಯಿಂದ ಮುದ್ರೆ ಒತ್ತಿಸಿ. ನಿಮ್ಮ ಲಕೋಟೆಯನ್ನು ನೀವು ನಂಬುವ ಬೇರೆಯವರ ಕೈಯಲ್ಲೂ ಕಳುಹಿಸಬಹುದು. ಎಷ್ಟು ಲಕೋಟೆ ತಂದರೆ ಎಷ್ಟು ಹಣ ಎಂಬ ಲೆಕ್ಕದಲ್ಲಿ ಮಾತ್ರ ಯಾರೂ ದುಡ್ಡು ಪಡೆಯುವಂತಿಲ್ಲ.

ಮತಗಟ್ಟೆಗೇ ಹೋಗಿ ಹಾಕಬೇಕೆಂದರೆ?

ಹೋಗಬಹುದು. ಸ್ಯಾಂಟಾ ಕ್ಲಾರಾ, ಅಲಮೀಡಾ, ಸ್ಯಾನ್ ಮಟೇಯೊ, ಸ್ಯಾಕ್ರಮೆಂಟೊ, ಲಾಸ್ ಏಂಜಲೀಸ್, ಆರೆಂಜ್ ಮುಂತಾದ ಕೌಂಟಿಗಳಲ್ಲಿ ಹಳೆಯ ಬೀದಿ ಮತಗಟ್ಟೆಗಳ ಬದಲು ವೋಟ್ ಸೆಂಟರ್‌ಗಳಿವೆ. ಕೌಂಟಿಯ ಯಾವ ಸೆಂಟರಿಗಾದರೂ ಹೋಗಬಹುದು. ಕೆಲವು 10 ದಿನ ಮೊದಲೇ ತೆರೆಯುತ್ತವೆ. ಚುನಾವಣೆಯ ದಿನ ಸಮಯ ಬೆಳಿಗ್ಗೆ 7ರಿಂದ ರಾತ್ರಿ 8. ಎಂಟಕ್ಕೆ ಸಾಲಿನಲ್ಲಿ ನಿಂತಿದ್ದರೆ ನಿಮ್ಮ ಹಕ್ಕು ಉಳಿಯಿತು, ಸಾಲು ಬಿಟ್ಟು ಬರಬೇಡಿ. ಮನೆಗೆ ಬಂದ ಮತಪತ್ರವನ್ನು ಜೊತೆಗೆ ಒಯ್ದರೆ ಕೆಲಸ ಸುಲಭ. ಅದಿಲ್ಲದೆ ಹೋದಾಗ ನೀವು ಆಗಲೇ ಮತ ಹಾಕಿಲ್ಲವೆಂದು ಅವರು ಅಲ್ಲೇ ಖಚಿತಪಡಿಸಿಕೊಳ್ಳಲಾಗದಿದ್ದರೆ ಪ್ರೊವಿಷನಲ್ (ತಾತ್ಕಾಲಿಕ) ಮತಪತ್ರ ಕೊಡುತ್ತಾರೆ, ಅದರ ಎಣಿಕೆ ಕೊನೆಗೆ.

ಅಭ್ಯರ್ಥಿಯ ಹೆಸರಿರುವ ಟೀ ಶರ್ಟು, ಟೋಪಿ ಹಾಕಿಕೊಂಡು ಮತಗಟ್ಟೆಯ 100 ಅಡಿಯೊಳಗೆ ಹೋಗುವಂತಿಲ್ಲ. ಕೆಲಸದ ವೇಳೆ ಬಿಟ್ಟು ಬೇರೆ ಹೊತ್ತು ಸಿಗದಿದ್ದರೆ ಸಂಬಳ ಕಡಿತವಿಲ್ಲದೆ 2 ಗಂಟೆಯವರೆಗೆ ರಜೆ ಕೇಳುವ ಹಕ್ಕಿದೆ. ಎರಡು ಕೆಲಸದ ದಿನ ಮೊದಲೇ ತಿಳಿಸಬೇಕು.

ಅಮ್ಮನಿಗೆ ಇಂಗ್ಲಿಷ್ ಓದಲು ಕಷ್ಟ. ಕನ್ನಡದಲ್ಲಿ ಸಹಾಯ ಸಿಗುತ್ತದೆಯೇ?

ರಾಜ್ಯದ ಮತದಾರರ ಕೈಪಿಡಿ ಇಂಗ್ಲಿಷ್ ಅಲ್ಲದೆ ಹಿಂದಿ, ಸ್ಪ್ಯಾನಿಷ್, ಚೀನಿ, ವಿಯೆಟ್ನಾಮೀಸ್ ಸೇರಿ ಇನ್ನೂ ಹಲವು ಭಾಷೆಗಳಲ್ಲಿ ಸಿಗುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಆದರೆ ಮತದಾರರು ತಮ್ಮ ಆಯ್ಕೆಯ ಇಬ್ಬರವರೆಗೆ ಜೊತೆಗೆ ಕರೆದೊಯ್ದು ಸಹಾಯ ಪಡೆಯಬಹುದು. ಮಗಳಾಗಲಿ ನೆರೆಯವರಾಗಲಿ ಪರವಾಗಿಲ್ಲ; ಕೆಲಸ ಕೊಟ್ಟ ಮಾಲೀಕರೋ ಅವರ ಕಡೆಯವರೋ, ಕಾರ್ಮಿಕ ಸಂಘದ ಪ್ರತಿನಿಧಿಯೋ ಆಗಬಾರದು. ಸಾಲನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿ. ಆಯ್ಕೆ ಅಮ್ಮನದೇ ಆಗಿರಲಿ.

ಇನ್ನೊಂದು ವಿಷಯ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಮತಗಟ್ಟೆಯ ಸಿಬ್ಬಂದಿಯಾಗಿ ಗ್ರೀನ್ ಕಾರ್ಡ್ ಇರುವವರೂ, 16 ದಾಟಿದ ಹೈಸ್ಕೂಲ್ ಮಕ್ಕಳೂ ಸೇರಬಹುದು. ಸಂಭಾವನೆಯಿದೆ. ಭಾಷೆ ಬಲ್ಲವರನ್ನು ಕೌಂಟಿಗಳು ಹುಡುಕುತ್ತಲೇ ಇರುತ್ತವೆ. ಕನ್ನಡ ಬಲ್ಲವರೊಬ್ಬರು ಆ ಮೇಜಿನ ಹಿಂದೆ ಕೂತಿದ್ದರೆ ಅಷ್ಟೇ ಹಿರಿಯರಿಗೆ ಧೈರ್ಯ.

ಮತದಾನದ ಹೊತ್ತಿಗೆ ಬೆಂಗಳೂರಿನಲ್ಲಿರುತ್ತೇನೆ. ಏನು ಮಾಡಲಿ?

ದೀಪಾವಳಿಗೆ ಊರಿಗೆ ಹೋಗುವವರೂ, ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಬೆಂಗಳೂರಿಗೋ ಮೈಸೂರಿಗೋ ಮರಳಿದವರೂ ವಿದೇಶದಲ್ಲಿರುವ ಮತದಾರರ ಅರ್ಜಿ ಸಲ್ಲಿಸಬೇಕು. ಮರಳಿ ಬಂದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಕೊನೆಗೆ ವಾಸವಿದ್ದ ವಿಳಾಸವೇ ಆಧಾರ. ಈ ಮತದಾರರಿಗೆ ಮತಪತ್ರ 45 ದಿನ ಮೊದಲೇ ಕಳುಹಿಸುತ್ತಾರೆ, ಇಮೇಲ್ ಮೂಲಕವೂ ತರಿಸಿಕೊಳ್ಳಬಹುದು. ತುಂಬಿ ಹಿಂದಿರುಗಿಸುವುದು ಅಂಚೆಯಲ್ಲಿ ಅಥವಾ ಫ್ಯಾಕ್ಸ್‌ನಲ್ಲಿ, ಇಮೇಲಿನಲ್ಲಿ ಹಿಂದಿರುಗಿಸಲು ಬಿಡುವುದಿಲ್ಲ. ಫ್ಯಾಕ್ಸ್ ಮಾಡಿದರೆ ಜೊತೆಗಿರುವ ಪ್ರಮಾಣಪತ್ರಕ್ಕೂ ಸಹಿ ಬೇಕು, ಅದು ಮತದಾನ ಮುಗಿಯುವ ಹೊತ್ತಿಗೆ ಸೇರಿರಬೇಕು. ಸ್ಯಾಕ್ರಮೆಂಟೊದ ರಾತ್ರಿ 8 ಎಂದರೆ ನವೆಂಬರಿನ ಮತದಾನದ ದಿನ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ 9.30. ಇವತ್ತಿನ ಬೆಂಗಳೂರಿನಲ್ಲಿ ಫ್ಯಾಕ್ಸ್ ಯಂತ್ರ ಹುಡುಕುವುದೇ ಅರ್ಧ ದಿನದ ಕೆಲಸ, ಮೊದಲೇ ವಿಚಾರಿಸಿಡಿ. ಒಸಿಐ ಇದ್ದರೂ ಭಾರತದಲ್ಲಿ ಮತದಾನದ ಹಕ್ಕಿಲ್ಲ ಎಂಬುದೂ ನೆನಪಿರಲಿ. ಅಮೆರಿಕದ ಪೌರತ್ವ ಪಡೆದವರಿಗೆ ಉಳಿದಿರುವುದು ಇದೊಂದೇ ಮತ.

ಎಚ್-1ಬಿಯಲ್ಲಿರುವವರು ಅಭ್ಯರ್ಥಿಗೆ ಹಣ ಕೊಡಬಹುದೇ? ಕನ್ನಡ ಕೂಟ ಬೆಂಬಲ ಘೋಷಿಸಬಹುದೇ?

ಎರಡಕ್ಕೂ ಉತ್ತರ ‘ಇಲ್ಲ’ ಎಂದೇ. ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದವರು ಒಕ್ಕೂಟ, ರಾಜ್ಯ, ಊರು ಯಾವ ಮಟ್ಟದ ಚುನಾವಣೆಗೂ ಹಣ ಕೊಡುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಹೆಂಡತಿ ಪೌರಳೆಂದು ಅವಳ ಹೆಸರಿನಲ್ಲಿ ಗಂಡನ ಹಣ ಕೊಡುವುದೂ ಅಪರಾಧವೇ. ಸಂಭಾವನೆ ಪಡೆಯದೆ ಸ್ವಯಂಸೇವಕರಾಗಿ ಫೋನ್ ಮಾಡುವುದು, ಮನೆ ಮನೆಗೆ ಹೋಗುವುದು ಮಾಡಬಹುದು. ಪ್ರಚಾರದ ಹಣ, ಕಾರ್ಯತಂತ್ರದ ತೀರ್ಮಾನಗಳಲ್ಲಿ ಕೈಹಾಕುವಂತಿಲ್ಲ.

ಗ್ರೀನ್ ಕಾರ್ಡ್ ಇರುವವರೂ ಪೌರರೂ ಕೊಡಬಹುದು. 2025–26ರ ಅವಧಿಗೆ ಒಬ್ಬರು ಒಂದು ಚುನಾವಣೆಗೆ ಕೊಡಬಹುದಾದ ಮಿತಿ ಅಸೆಂಬ್ಲಿ ಮತ್ತು ಸೆನೆಟ್ ಅಭ್ಯರ್ಥಿಗೆ 5,900 ಡಾಲರ್, ಇತರ ರಾಜ್ಯ ಹುದ್ದೆಗಳಿಗೆ 9,800, ಗವರ್ನರ್‌ಗೆ 39,200. ಪ್ರೈಮರಿ ಒಂದು ಚುನಾವಣೆ, ನವೆಂಬರ್ ಇನ್ನೊಂದು. 100 ಡಾಲರ್ ಮತ್ತು ಅದಕ್ಕೂ ಮೇಲ್ಪಟ್ಟದ್ದನ್ನು ನಗದಾಗಿ ಕೊಡುವಂತಿಲ್ಲ, ನಿಮ್ಮ ಹೆಸರಿನ ಜೊತೆ ಉದ್ಯೋಗ ಮತ್ತು ಕಂಪನಿಯ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ.

ಬಹುತೇಕ ಕನ್ನಡ ಸಂಘಗಳು 501(ಸಿ)(3) ಅಡಿ ತೆರಿಗೆ ವಿನಾಯಿತಿ ಪಡೆದವು. ಅವು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ನಿಲ್ಲುವಂತಿಲ್ಲ. ಯುಗಾದಿ ವೇದಿಕೆಯಲ್ಲಿ ಒಬ್ಬರನ್ನೇ ಕರೆದು ಮತ ಕೊಡಿ ಎನ್ನಿಸಿದರೆ ವಿನಾಯಿತಿಗೇ ಕುತ್ತು. ಎಲ್ಲ ಅಭ್ಯರ್ಥಿಗಳನ್ನೂ ಕರೆದು ಒಂದೇ ರೀತಿಯ ಪ್ರಶ್ನೆ ಕೇಳುವ ಸಭೆ, ಪಕ್ಷಾತೀತವಾದ ನೋಂದಣಿ ಮೇಜು ಇವಕ್ಕೆ ಅಡ್ಡಿಯಿಲ್ಲ. ರಾಜ್ಯೋತ್ಸವದ ಹೊತ್ತಿಗೆ 15 ದಿನದ ಗಡುವು ಮುಗಿದಿರುತ್ತದೆ. ಆ ಮೇಜು ಗಣೇಶನ ಹಬ್ಬಕ್ಕೋ ದಸರೆಯ ಆರಂಭಕ್ಕೋ ಬೇಕು.

ಹೆಸರುಗಳ ಕ್ರಮ ಹೇಗೆ ನಿಗದಿಯಾಗುತ್ತದೆ? ಕೆಲವರ ಹೇಳಿಕೆ ಕೈಪಿಡಿಯಲ್ಲಿ ಏಕಿಲ್ಲ?

ಸೆಕ್ರೆಟರಿ ಆಫ್ ಸ್ಟೇಟ್ ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳನ್ನು ಚೀಟಿ ಎತ್ತಿ ಹೊಸ ಕ್ರಮದಲ್ಲಿ ಜೋಡಿಸುತ್ತಾರೆ. ಆ ಕ್ರಮದಲ್ಲಿ ಹೆಸರುಗಳು ಬರುತ್ತವೆ. ರಾಜ್ಯವ್ಯಾಪಿ ಹುದ್ದೆಗಳಿಗೆ 80 ಅಸೆಂಬ್ಲಿ ಜಿಲ್ಲೆಗಳಲ್ಲಿ ಒಂದೊಂದರಲ್ಲೂ ಮೊದಲ ಹೆಸರು ಕೊನೆಗೆ ಸರಿದು ಸುತ್ತುತ್ತದೆ. ಮೊದಲ ಸಾಲಿನಲ್ಲಿ ಇರುವುದಕ್ಕೆ ಬೇರೆ ಅರ್ಥವಿಲ್ಲ. ಹೇಳಿಕೆಯ ವಿಷಯವೇ ಬೇರೆ: ಸ್ವಇಚ್ಛೆಯ ಖರ್ಚಿನ ಮಿತಿಗೆ ಒಪ್ಪಿದ ಅಭ್ಯರ್ಥಿಗೆ ಮಾತ್ರ ರಾಜ್ಯದ ಕೈಪಿಡಿಯಲ್ಲಿ 250 ಪದಗಳವರೆಗೆ ಜಾಗ, ಅದೂ ಪದಕ್ಕೆ 25 ಡಾಲರ್ ಕೊಟ್ಟು.

ಅದೇ ಮತಪತ್ರದಲ್ಲಿ ಪ್ರಪೊಸಿಷನ್‌ಗಳೂ ಇರುತ್ತವಲ್ಲ?

ಜನರು ಸಹಿ ಸಂಗ್ರಹಿಸಿ ತಂದ ಕಾನೂನುಗಳಿಗೆ ಮತ ನಡೆಯುವುದು ನವೆಂಬರಿನಲ್ಲಿ. 2022ರ ಗವರ್ನರ್ ಚುನಾವಣೆಯ ಮತದ ಲೆಕ್ಕದಲ್ಲಿ ಸಾಧಾರಣ ಕಾನೂನಿಗೆ 5,46,651, ಸಂವಿಧಾನ ತಿದ್ದುಪಡಿಗೆ 8,74,641 ಸಹಿ ಬೇಕಿತ್ತು. ಓದುವಾಗ ಒಂದೇ ಎಚ್ಚರ: ‘ಯೆಸ್’ ಎಂದರೆ ಯಾವುದು ಜಾರಿಗೆ ಬರುತ್ತದೆ ಎಂದು ಕೈಪಿಡಿಯ ಸಾರಾಂಶದಲ್ಲಿ ನೋಡಿ ಗುರುತು ಹಾಕಿ.

ಫಲಿತಾಂಶಕ್ಕೆ ವಾರಗಟ್ಟಲೆ ಏಕೆ?

ಭಾರತದಲ್ಲಿ ಯಂತ್ರ ತೆರೆದ ದಿನ ಮಧ್ಯಾಹ್ನಕ್ಕೆ ಚಿತ್ರ ಸ್ಪಷ್ಟವಾಗುತ್ತದೆ, ಹಾಗಾಗಿ ಇಲ್ಲಿನ ನಿಧಾನ ಅನುಮಾನ ಹುಟ್ಟಿಸುತ್ತದೆ. ಕಾರಣ ಲಕೋಟೆಗಳು. 2 ಕೋಟಿ 20 ಲಕ್ಷಕ್ಕೂ ಹೆಚ್ಚು ಮತದಾರರಿರುವ ರಾಜ್ಯದಲ್ಲಿ ಒಂದೊಂದು ಲಕೋಟೆಯ ಸಹಿ ನೋಡಿ, ತೆರೆದು, ಹಾಳೆ ಬಿಡಿಸಿ, ಸ್ಕ್ಯಾನ್ ಮಾಡಬೇಕು. ಬಹಳ ಜನ ಕೊನೆಯ ದಿನವೇ ಹಾಕುತ್ತಾರೆ. ಅಂಚೆಯವು, ಅದೇ ದಿನ ನೋಂದಾಯಿಸಿಕೊಂಡವರವು, ಪ್ರೊವಿಷನಲ್‌ಗಳು ಆಮೇಲೆ ಬರುತ್ತವೆ. 58 ಕೌಂಟಿಗಳಿಗೆ ಎಣಿಕೆ ಅಂತಿಮಗೊಳಿಸಲು 30 ದಿನ, ಅದರೊಳಗೆ ಶೇ. 1ರಷ್ಟು ಮತಗಟ್ಟೆಗಳ ಮತಗಳನ್ನು ಕೈಯಿಂದ ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ.

ರಾತ್ರಿಯ ಮುನ್ನಡೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2010ರ ಅಟಾರ್ನಿ ಜನರಲ್ ಸ್ಪರ್ಧೆ ಸಾಕು. ಸ್ಟೀವ್ ಕೂಲಿ ಅಂದು ರಾತ್ರಿಯೇ ಗೆದ್ದೆನೆಂದು ಘೋಷಿಸಿಕೊಂಡರು. ಮೂರು ವಾರ ಎಣಿಕೆ ನಡೆದ ಮೇಲೆ, ಶೇ. 1ಕ್ಕಿಂತ ಕಡಿಮೆ ಅಂತರದಿಂದ ಗೆದ್ದವರು ಕಮಲಾ ಹ್ಯಾರಿಸ್.

ಆರಿಸಿದವರನ್ನು ಮಧ್ಯದಲ್ಲೇ ಇಳಿಸಬಹುದೇ?

ಹೌದು, ಇದಕ್ಕೆ ರೀಕಾಲ್ ಎನ್ನುತ್ತಾರೆ. ಗವರ್ನರ್ ವಿಷಯದಲ್ಲಿ, ಆ ಹುದ್ದೆಗೆ ಹಿಂದಿನ ಸಲ ಬಿದ್ದ ಮತದ ಶೇ. 12ರಷ್ಟು ಸಹಿ 160 ದಿನದಲ್ಲಿ ಬೇಕು, ಶಾಸಕರಿಗೆ ಶೇ. 20. ಮತಪತ್ರದಲ್ಲಿ ಎರಡು ಪ್ರಶ್ನೆ: ಇಳಿಸಬೇಕೇ, ಇಳಿಸಿದರೆ ಯಾರು? ಮೊದಲನೆಯದಕ್ಕೆ ‘ಬೇಡ’ ಎಂದವರೂ ಎರಡನೆಯದಕ್ಕೆ ಮತ ಹಾಕಬಹುದು. 2003ರಲ್ಲಿ ಗ್ರೇ ಡೇವಿಸ್ ಇಳಿದು, 135 ಅಭ್ಯರ್ಥಿಗಳ ನಡುವೆ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗೆದ್ದರು. 2021ರಲ್ಲಿ ಗ್ಯಾವಿನ್ ನ್ಯೂಸಮ್ ವಿರುದ್ಧದ ಪ್ರಯತ್ನವನ್ನು ಸುಮಾರು ಶೇ. 62 ಮತದಾರರು ತಳ್ಳಿಹಾಕಿದರು.

ಭಾರತದಲ್ಲಿ ಹುಟ್ಟಿದವರು ಇಲ್ಲಿ ಸ್ಪರ್ಧಿಸಬಹುದೇ?

ಪೌರತ್ವ ಪಡೆದಿದ್ದರೆ ಸ್ಪರ್ಧಿಸಬಹುದು. ಅಮೆರಿಕದಲ್ಲೇ ಹುಟ್ಟಿರಬೇಕೆಂಬ ನಿಯಮ ಅಧ್ಯಕ್ಷ ಹುದ್ದೆಯದು, ಗವರ್ನರ್‌ಗಲ್ಲ. ಶ್ವಾರ್ಜ್‌ನೆಗರ್ ಹುಟ್ಟಿದ್ದು ಆಸ್ಟ್ರಿಯಾದಲ್ಲಿ. ಅಸೆಂಬ್ಲಿ ಅಥವಾ ಸೆನೆಟ್‌ಗೆ ನಾಮಪತ್ರಕ್ಕೆ 40ರಿಂದ 60 ಮತದಾರರ ಸಹಿ, ಆ ಹುದ್ದೆಯ ವಾರ್ಷಿಕ ಸಂಬಳದ ಶೇ. 1ರಷ್ಟು ಶುಲ್ಕ. ರಾಜ್ಯವ್ಯಾಪಿ ಹುದ್ದೆಗೆ 65ರಿಂದ 100 ಸಹಿ, ಶೇ. 2 ಶುಲ್ಕ. ಶುಲ್ಕದ ಬದಲು ಹೆಚ್ಚಿನ ಸಹಿ ಸಂಗ್ರಹಿಸಿ ಕೊಡುವ ದಾರಿಯೂ ಇದೆ. ಕನಿಷ್ಠಕ್ಕೆ ಸರಿಯಾಗಿ 40 ಸಹಿ ತಂದವರು ಸಿಕ್ಕಿಬೀಳುತ್ತಾರೆ: ಜಿಲ್ಲೆಯ ಹೊರಗಿನವರದು ಎರಡು, ಹಳೆಯ ವಿಳಾಸದ್ದು ಒಂದು ತಳ್ಳಿಹೋದರೆ ನಾಮಪತ್ರ ಬಿದ್ದಂತೆಯೇ. ಐವತ್ತೈದಾದರೂ ತನ್ನಿ. ಹೆಸರಿನ ಕೆಳಗೆ ಉದ್ಯೋಗ ಹೇಳಲು ಸಿಗುವುದು ಮೂರು ಪದ. ಕೊನೆಯ ದಿನ ಪ್ರೈಮರಿಗೆ 88 ದಿನ ಮೊದಲು. ಹಾಲಿ ಸದಸ್ಯರು ಅರ್ಹರಾಗಿದ್ದೂ ನಾಮಪತ್ರ ಸಲ್ಲಿಸದಿದ್ದರೆ ಉಳಿದವರಿಗೆ 5 ದಿನ ಹೆಚ್ಚುವರಿ ಸಿಗುತ್ತದೆ.